ಬಝರ್ ಬಾಯಿ ಮುಚ್ಚಿಸಲು ವೈರ್ ಕತ್ತರಿಸಬೇಡಿ

ಹತ್ತು-ಹನ್ನೆರಡು ವರ್ಷ ಓಡಿದ ಹ್ಯಾಚ್‌ಬ್ಯಾಕ್. ಬೆಲ್ಟ್ ಹಾಕಿಕೊಂಡು ಕೂತಿದ್ದರೂ ಸೀಟ್ ಬೆಲ್ಟ್ ಬಝರ್ ಬಡಿದುಕೊಳ್ಳುತ್ತಲೇ ಇತ್ತು. ಆ್ಯಕ್ಸೆಸರಿ ಅಂಗಡಿಯಲ್ಲಿ ಐದು ನಿಮಿಷದ ಕೆಲಸ: ಡ್ರೈವರ್ ಸೀಟಿನಡಿ ಬಕಲ್‌ಗೆ ಹೋಗುವ ಎರಡು ವೈರ್ ಕತ್ತರಿಸಿ, ಒಂದಕ್ಕೊಂದು ಹೊಸೆದು, ಟೇಪ್ ಸುತ್ತಿದರು. ಸದ್ದೇನೋ ನಿಂತಿತು. ಆದರೆ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿಕೊಂಡಿದ್ದು ಮತ್ತೆ ಆರಲಿಲ್ಲ.

ಹೀಗಾಗಲು ಕಾರಣವಿದೆ. ಬಕಲ್‌ನೊಳಗಿನ ಸ್ವಿಚ್ ಎಲ್ಲ ಕಾರಿನಲ್ಲೂ ಬರೀ ಆನ್-ಆಫ್ ಸ್ವಿಚ್ ಅಲ್ಲ. ಅನೇಕ ಕಾರುಗಳಲ್ಲಿ ಅದರೊಳಗೆ ರೆಸಿಸ್ಟರ್ ಇರುತ್ತದೆ. ಅದು ಕರೆಂಟಿಗೆ ಒಡ್ಡುವ ತಡೆ ಬೆಲ್ಟ್ ಹಾಕಿದಾಗ ಒಂದು ಅಳತೆ, ತೆಗೆದಾಗ ಇನ್ನೊಂದು. ಅದನ್ನು ಓದುವುದು ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಏರ್‌ಬ್ಯಾಗ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್. ಎರಡು ವೈರ್ ನೇರ ಸೇರಿಸಿದರೆ ಅದಕ್ಕೆ ಕಾಣುವುದು ಶಾರ್ಟ್. ತಕ್ಷಣ ಫಾಲ್ಟ್ ಕೋಡ್ ಬರೆದುಕೊಂಡು ದೀಪ ಹಚ್ಚುತ್ತದೆ. ಆ ದೀಪ ಉರಿಯುತ್ತಿರುವಷ್ಟು ದಿನ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ ಎಂದು ನಂಬುವಂತಿಲ್ಲ. ವೈರ್ ಮತ್ತೆ ಸರಿಯಾಗಿ ಜೋಡಿಸಿದರೂ ಎಷ್ಟೋ ಕಾರುಗಳಲ್ಲಿ ದೀಪ ತಾನಾಗಿ ಹೋಗದು, ಸ್ಕ್ಯಾನರ್ ಹಾಕಿ ಕೋಡ್ ಅಳಿಸಬೇಕು.

ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಪ್ರಿಟೆನ್ಷನರ್‌ನದು. ಪ್ರಿಟೆನ್ಷನರ್ ಎಂದರೆ ಬೆಲ್ಟನ್ನು ಗಬಕ್ಕನೆ ಎಳೆದು ಬಿಗಿಮಾಡುವ ಸಣ್ಣ ಪಟಾಕಿಯಂಥ ಸಾಧನ. ಅದಕ್ಕೆ ಟೆಸ್ಟ್ ಲ್ಯಾಂಪಾಗಲಿ ಮಲ್ಟಿಮೀಟರಾಗಲಿ ಮುಟ್ಟಿಸಲೇಬಾರದು, ಸಿಡಿದೀತು. ಸೀಟ್ ಬಿಚ್ಚಲೇಬೇಕಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕನಿಷ್ಠ ಮೂರು ನಿಮಿಷ ಕಾದು ಆಮೇಲೆ ಕೈ ಹಾಕಿ. ಇಗ್ನಿಷನ್ ಆನ್ ಇದ್ದಾಗ ಕನೆಕ್ಟರ್ ಎಳೆದರೂ ಫಾಲ್ಟ್ ಕೋಡ್ ಕೂತುಬಿಡುತ್ತದೆ.

ಇಷ್ಟಕ್ಕೂ ಆ ಕಾರಿನ ನಿಜವಾದ ರೋಗ ಚಿಕ್ಕದು. ಬೆಲ್ಟ್ ಹಾಕಿದ್ದರೂ ಬಝರ್ ಬಡಿದರೆ ಮೊದಲು ನೋಡಬೇಕಾದ್ದು ಎರಡೇ ಜಾಗ. ಒಂದು, ಬಕಲ್‌ನೊಳಗೆ ಬಿದ್ದ ನಾಣ್ಯ, ಬಿಸ್ಕತ್ ಪುಡಿ, ಅಂಟಾದ ಕಾಫಿ. ಗಾಳಿ ಹೊಡೆಸಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ನಾಲ್ಕೈದು ಸಲ ಹಾಕಿ ತೆಗೆಯಿರಿ. ಎಣ್ಣೆಯಂಶದ ಸ್ಪ್ರೇ ಬೇಡ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಇನ್ನೊಂದು, ಸೀಟ್ ಹಿಂದೆ ಮುಂದೆ ಸರಿಸುವಾಗ ಅದರಡಿಯ ಹಳಿಗೆ ಉಜ್ಜಿ ಸಿಪ್ಪೆ ಎದ್ದ ವೈರ್. ಸೀಟ್ ಪೂರ್ತಿ ಹಿಂದೆ ತಳ್ಳಿ ಟಾರ್ಚ್ ಬಿಟ್ಟರೆ ಕಾಣುತ್ತದೆ.

ಬೆಲ್ಟ್ ಹಾಕದೆಯೇ ಬಝರ್ ಸುಮ್ಮನಾಗಿಸಲು ಬಕಲ್‌ಗೆ ಸಿಕ್ಕಿಸುವ, ಆನ್‌ಲೈನ್‌ನಲ್ಲಿ ಸಿಗುತ್ತಿದ್ದ ಬಕಲ್ ಕ್ಲಿಪ್ ಇನ್ನೊಂದು ಅವಾಂತರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇನಲ್ಲಿ ಐದು ಇ-ಕಾಮರ್ಸ್ ಕಂಪನಿಗಳಿಗೆ ಅದನ್ನು ತೆಗೆದುಹಾಕಲು ಆದೇಶಿಸಿತು. ಅಗ್ಗದ ಕ್ಲಿಪ್‌ನ ನಾಲಿಗೆ ಅಳತೆಗೆ ಸರಿ ಇರುವುದಿಲ್ಲ, ಬಕಲ್‌ನೊಳಗೇ ಸಿಕ್ಕಿಕೊಂಡರೆ ಬೆಲ್ಟ್ ಹಾಕೋಣವೆಂದರೂ ಆಗದು. ಬೆಲ್ಟ್ ಇಲ್ಲದೆ ಮುಂದಕ್ಕೆ ವಾಲಿದ ಎದೆಗೆ ಏರ್‌ಬ್ಯಾಗ್ ಬಡಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆಲ್ಟ್ ಹಾಕದ್ದಕ್ಕೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ವಿಧಿಸುವ 1,000 ರೂಪಾಯಿ ದಂಡ ಅದರ ಮುಂದೆ ಏನೇನೂ ಅಲ್ಲ.

ಫ್ಯೂಸ್ ಕಿತ್ತರಾಯಿತು ಎನ್ನುವವರೂ ಇದ್ದಾರೆ. ಬಝರ್‌ಗೆಂದೇ ಪ್ರತ್ಯೇಕ ಫ್ಯೂಸ್ ಇರುವುದು ಅಪರೂಪ. ಮೀಟರ್ ಫ್ಯೂಸ್ ಕಿತ್ತರೆ ಬಝರ್ ಜೊತೆ ಪೆಟ್ರೋಲ್ ಮುಳ್ಳು, ಟೆಂಪರೇಚರ್, ಆಯಿಲ್ ದೀಪ ಎಲ್ಲಕ್ಕೂ ರಜೆ.

ಹೆಡ್‌ಲೈಟ್ ಆರಿಸದೆ ಡೋರ್ ತೆಗೆದರೆ ಕೂಗುವ ಬಝರ್ ಹಳೇ ಕಾರುಗಳಲ್ಲಿ ಪುಟ್ಟ ಡಬ್ಬಿಯಾಗಿ ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತದೆ. ಕಿತ್ತರೆ ಬೇರೆ ಯಾವುದಕ್ಕೂ ತೊಂದರೆಯಿಲ್ಲ, ಆದರೆ ಲೆಕ್ಕ ನೋಡಿ: 55 ವಾಟ್‌ನ ಎರಡು ಬಲ್ಬ್, ಸುಮಾರು 9 ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ಗಂಟೆಯೊಳಗೆ ಖಾಲಿ. ಸಿನಿಮಾ ಮುಗಿಸಿ ಬರುವಷ್ಟರಲ್ಲಿ ಸ್ಟಾರ್ಟರ್ 'ಟಕ್' ಎಂದು ಸುಮ್ಮನಾಗಬಹುದು. ಸದ್ದು ಜಾಸ್ತಿ ಎನ್ನಿಸಿದರೆ ಡಬ್ಬಿಯ ತೂತಿನ ಮೇಲೆ ಎರಡು ಮೂರು ಪದರ ಇನ್ಸುಲೇಷನ್ ಟೇಪ್ ಅಂಟಿಸಿ, ಸಾಕು. ಡೋರ್ ಹಾಕಿದ್ದರೂ ಕೂಗಿದರೆ ತಪ್ಪು ಡೋರ್ ಪಿನ್ ಸ್ವಿಚ್‌ನದು, ಅಂದರೆ ಡೋರ್ ಮುಚ್ಚಿದಾಗ ಒಳಗೆ ಒತ್ತಿಕೊಳ್ಳುವ ಸ್ವಿಚ್‌ನದು. ಒಂದೇ ಸ್ಕ್ರೂ. ಬಿಚ್ಚುವಾಗ ವೈರನ್ನು ದಾರದಿಂದ ಕಟ್ಟಿಕೊಳ್ಳಿ, ಡೋರ್ ಪಕ್ಕದ ಪಿಲ್ಲರ್ (ಕಂಬ) ಒಳಗೆ ಜಾರಿದರೆ ತಂತಿ ಕೊಕ್ಕೆಯಲ್ಲಿ ಅರ್ಧ ದಿನ ಮೀನು ಹಿಡಿಯಬೇಕಾಗುತ್ತದೆ. ಪಿನ್ ಸಲೀಸಾಗಿ ಒಳಹೋಗಿ ಬರುವಂತೆ ತುಕ್ಕು ತೆಗೆದು, ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಿ.

ಎಲ್ಲಕ್ಕಿಂತ ಅಪಾಯದ ಕತ್ತರಿ ಹ್ಯಾಂಡ್‌ಬ್ರೇಕ್ ವೈರ್ ಮೇಲಿನದು. ಬಹಳಷ್ಟು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಸ್ವಿಚ್ಚೂ ಬ್ರೇಕ್ ಆಯಿಲ್ ಡಬ್ಬಿಯ ಫ್ಲೋಟೂ ಒಂದೇ ಕೆಂಪು ದೀಪಕ್ಕೆ ಸೇರುತ್ತವೆ; ವೈರ್ ಕತ್ತರಿಸಿದರೆ ಬ್ರೇಕ್ ಆಯಿಲ್ ಇಳಿದ ಎಚ್ಚರಿಕೆಯೂ ಹೋಗಬಹುದು. ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಮಾತ್ರ ದೀಪ ಮಿನುಗಿದರೆ ಅದು ಹ್ಯಾಂಡ್‌ಬ್ರೇಕ್ ಅಲ್ಲ. ಡಬ್ಬಿಯಲ್ಲಿ ಆಯಿಲ್ ಇಳಿದು, ಕಾರು ವಾಲಿದಾಗ ಫ್ಲೋಟ್ ತಳ ಮುಟ್ಟುತ್ತಿದೆ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಆಯಿಲ್ ಸುರಿದು ಮರೆಯುವ ಮುಂಚೆ ನಾಲ್ಕೂ ಚಕ್ರದ ಒಳಮೈ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು. ಹೀಗೆ ವೈರ್ ಕತ್ತರಿಸಿ ಏರ್‌ಬ್ಯಾಗ್ ದೀಪ ಹತ್ತಿಕೊಂಡ ಕಾರುಗಳಲ್ಲಿ ಕೆಲವು ಆ ದೀಪವನ್ನು ಇಂಜಿನ್ ಆಯಿಲ್ ದೀಪಕ್ಕೆ ಜೋಡಿಸಿಕೊಂಡು ಮಾರಾಟಕ್ಕೆ ಬರುತ್ತವೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಎಣಿಸಿ. ಏರ್‌ಬ್ಯಾಗ್ ದೀಪ ಹತ್ತಿ, ಕೆಲವೇ ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಆಯಿಲ್, ಬ್ಯಾಟರಿ ದೀಪ ಆಗಲೂ ಉರಿಯುತ್ತಿರಬೇಕು. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲವೆಂದರೆ ಬಲ್ಬ್ ಕಿತ್ತಿರಬಹುದು. ಅದು ಇಂಜಿನ್ ಶುರುವಾದಾಗಲೇ ಆಯಿಲ್ ದೀಪದ ಜೊತೆ ಆರಿದರೆ ಅಲ್ಲಿ ಯಾರೋ ಕೈಚಳಕ ತೋರಿಸಿದ್ದಾರೆ.