ಕುತ್ತಿಗೆ ನೋವಿಗೆ ಆಸ್ಟಿಯೋಪಥಿ ಕೈಚಿಕಿತ್ಸೆ: ಎರಡು ವರ್ಷದ ಬಳಕೆಯ ಮೇಲೆ

ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ಕುತ್ತಿಗೆ ನೋವು ಹೊಸದಲ್ಲ. ದಿನಕ್ಕೆ ಎಂಟು ತಾಸು ತಲೆ ಬಗ್ಗಿಸಿ ಕೂತರೆ ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳೂ, ಕುತ್ತಿಗೆಯಿಂದ ಹೆಗಲ ಎಲುಬಿಗೆ ಇಳಿಯುವ ಸ್ನಾಯುವೂ ಬಿಗಿದುಕೊಳ್ಳುತ್ತವೆ. ಸ್ನಾಯು, ಕೀಲುಗಳನ್ನು ಕೈಯಿಂದಲೇ ಸಡಿಲಿಸುವ ಆಸ್ಟಿಯೋಪಥಿಗೆ ಇಂಥ ನೋವಿನಲ್ಲಿ ಐದಕ್ಕೆ ನಾಲ್ಕು ಅಂಕ.

ಮೊದಲು ನೆಟಿಕೆಯ ಮಾತು. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟ್ ಅಂತ ತಿರುಗಿಸುವುದೂ ಆಸ್ಟಿಯೋಪಥಿಯೂ ಒಂದೇ ಅಲ್ಲ. ಆ ಸದ್ದು ಎಲುಬು ಜಾಗಕ್ಕೆ ಕೂತದ್ದಲ್ಲ. ಕೀಲಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಪೊಳ್ಳು ಮೂಡುವ ಸದ್ದು. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬುಗಳ ರಂಧ್ರಗಳೊಳಗಿಂದಲೇ ಮೇಲೇರುತ್ತವೆ. ಜೋರಾಗಿ ತಿರುವಿದಾಗ ಅವುಗಳ ಒಳಪದರ ಹರಿಯುವುದು ಅಪರೂಪ, ಆದರೆ ಹರಿದರೆ ಲಕ್ವ ಹೊಡೆಯಬಹುದು. ಆಸ್ಟಿಯೋಪಥಿಯಲ್ಲೂ ಝಟಕಾ ತಂತ್ರ, ಅಂದರೆ ಕೀಲನ್ನು ಚುರುಕಾಗಿ ಒಮ್ಮೆ ತಳ್ಳುವುದು, ಇದೆ. ಒಳ್ಳೆಯ ಚಿಕಿತ್ಸಕರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಕೇಳದೆ ಮಾಡುವುದಿಲ್ಲ.

ನಿಜವಾಗಿ ಕೆಲಸ ಮಾಡುವುದು ನಿಧಾನದ ತಂತ್ರಗಳು. ಅಂಗಾತ ಮಲಗಿಸಿ, ತಲೆಬುರುಡೆಯ ಬುಡಕ್ಕೆ ಬೆರಳ ತುದಿ ಕೊಟ್ಟು, ತಲೆಯ ಭಾರವನ್ನೇ ಅವುಗಳ ಮೇಲೆ ಎರಡು ಮೂರು ನಿಮಿಷ ಬಿಡುತ್ತಾರೆ. ಒತ್ತುವುದಿಲ್ಲ, ಸ್ನಾಯು ತಾನಾಗಿ ಸಡಿಲಾಗುತ್ತದೆ. ಇನ್ನೊಂದರಲ್ಲಿ ನೋವಿನ ಬಿಂದು ಹುಡುಕಿ, ಅದು ಮೆತ್ತಗಾಗುವ ಭಂಗಿಗೆ ತಲೆ ತಂದು 90 ಸೆಕೆಂಡು ಹಿಡಿಯುತ್ತಾರೆ. ಆಮೇಲೆ ತಲೆಯನ್ನು ಬಹಳ ನಿಧಾನ ವಾಪಸ್ ತರಬೇಕು. ಗಡಿಬಿಡಿ ಮಾಡಿದರೆ ಸ್ನಾಯು ಮತ್ತೆ ಬಿಗಿಯುತ್ತದೆ.

ಮನೆಯಲ್ಲೂ ಮಾಡಬಹುದಾದದ್ದು ಮಸಲ್ ಎನರ್ಜಿ ತಂತ್ರ. ತಲೆ ಬಲಕ್ಕೆ ಹೊರಳುತ್ತಿಲ್ಲ ಎಂದುಕೊಳ್ಳಿ. ತಡೆ ಸಿಗುವಷ್ಟೇ ಬಲಕ್ಕೆ ತಿರುಗಿಸಿ, ಎಡಗೆನ್ನೆಗೆ ಅಂಗೈ ಇಟ್ಟು, ಎಡಕ್ಕೆ ತಿರುಗಲು ಹಗುರವಾಗಿ ಯತ್ನಿಸಿ, ಕೈ ಬಿಟ್ಟುಕೊಡಬಾರದು. 5 ಸೆಕೆಂಡಿನ ಮೇಲೆ ಸಡಿಲ ಬಿಟ್ಟು, ಉಸಿರು ಬಿಡುತ್ತಾ ಹೊಸ ತಡೆಯವರೆಗೆ ತಿರುಗಿ. ಮೂರರಿಂದ ಐದು ಸಲ ಸಾಕು. ಎಲ್ಲರೂ ತಪ್ಪುವುದು ಬಲದಲ್ಲಿ: ಪೂರ್ಣ ಶಕ್ತಿಯ ಐದನೇ ಒಂದು ಪಾಲು ಸಾಕು. ಜಗ್ಗಾಟಕ್ಕಿಳಿದರೆ ದೊಡ್ಡ ಸ್ನಾಯುಗಳು ಮಧ್ಯೆ ಬಂದು, ಬೇಕಾದ ಸ್ನಾಯು ಬಿಟ್ಟುಕೊಡುವುದಿಲ್ಲ. ಉಸಿರು ಕಟ್ಟುವುದೂ ತಪ್ಪು.

ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ಜಡ್ಡುಗಟ್ಟಿದಂತೆ ನೋಯಬಹುದು, ಅದಕ್ಕೆ ಅಂಜಬೇಡಿ. ಮೂರು ನಾಲ್ಕು ಸಲ ಹೋದ ಮೇಲೂ ತಿರುಗುವಿಕೆ ಹೆಚ್ಚಾಗದಿದ್ದರೆ ದುಡ್ಡು ಸುರಿಯುವುದನ್ನು ನಿಲ್ಲಿಸಿ. ನಮ್ಮಲ್ಲಿ ಈ ಕೆಲಸ ಮಾಡುವವರಲ್ಲಿ ಹಲವರು ಹೆಚ್ಚುವರಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು. ಪದವಿ ಯಾವುದೆಂದು ಸಂಕೋಚವಿಲ್ಲದೆ ಕೇಳಿ. ತೋಳಿನ ಶಕ್ತಿ, ಸ್ಪರ್ಶ ಪರೀಕ್ಷಿಸದೆ ನೇರ ಕುತ್ತಿಗೆಗೆ ಕೈ ಹಾಕುವವರ ಹತ್ತಿರ ಮಲಗಬೇಡಿ.

ಕೈಯಲ್ಲಿ ಕತ್ತರಿ ನಿಲ್ಲದಿದ್ದರೆ, ಅಂಗಿಯ ಗುಂಡಿ ಹಾಕಲು ತಡವರಿಸಿದರೆ, ನಡಿಗೆ ವಾಲಿದರೆ, ಎರಡೆರಡು ಕಂಡರೆ, ಮಾತು ತೊದಲಿದರೆ, ಹಿಂದೆಂದೂ ಕಾಣದ ನೋವು ಒಮ್ಮೆಲೇ ಬಂದರೆ, ಬೈಕಿನಿಂದ ಬಿದ್ದ ಮೇಲಿನ ನೋವಾದರೆ ಇದು ಸಲ್ಲದು. ಸಂಧಿವಾತದವರಿಗೂ, ಎಲುಬು ಟೊಳ್ಳಾದವರಿಗೂ ಝಟಕಾ ಬೇಡವೇ ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಡಮಾಡದೆ ಅಲ್ಲಿಗೆ ಹೋಗಿ.

ಒಂದು ಅಂಕ ಕಳೆದದ್ದು, ಕೆಲಸದ ಜಾಗವನ್ನು ಹೆಚ್ಚಿನ ಚಿಕಿತ್ಸಕರು ಕೇಳುವುದೇ ಇಲ್ಲವಾದ್ದರಿಂದ. ಅದೇ ಮಷಿನ್ನಿಗೆ ಮರಳಿದರೆ ವಾರದಲ್ಲಿ ಕುತ್ತಿಗೆ ಮತ್ತೆ ಹಿಡಿಯುತ್ತದೆ. ಮೇಜು ಮೊಣಕೈಗಿಂತ ಕನಿಷ್ಠ 5 ಸೆಂ.ಮೀ. ಎತ್ತರವಿರಲಿ. ಹಿಂದಿನ ಕಾಲುಗಳ ಕೆಳಗೆ ಕಟ್ಟಿಗೆ ಕೊಟ್ಟು ಮೇಜನ್ನು ನಿಮ್ಮ ಕಡೆಗೆ ಸುಮಾರು 10 ಡಿಗ್ರಿ ವಾಲಿಸಿ. ಸೂಜಿ ಕಾಣಲು ಆಗ ಅಷ್ಟು ಬಗ್ಗಬೇಕಿಲ್ಲ.