ಹಳೇ ಕಾರಿನ ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಹೊಡೆಸಬೇಡಿ

ಹಳೇ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಮಳೆಗಾಲಕ್ಕೆ ಮುಂಚೆ ಗ್ಯಾರೇಜಿಗೆ ಹೋದಾಗ ಯಾರಾದರೂ "ಫ್ಲೋರಿಗೆ ಸ್ವಲ್ಪ ತುಕ್ಕು ಬಂದಿದೆ, ಒಂದು ಅಂಡರ್‌ಬಾಡಿ ಕೋಟಿಂಗ್ ಹೊಡೆದುಬಿಡೋಣ" ಅಂದರೆ ದಯವಿಟ್ಟು ಅಲ್ಲೇ ತಡೆಯಿರಿ. ನಮ್ಮ ಪದ್ಮಿನಿಗೆ ಹಾಗೆ ಹೊಡೆದ ಕೋಟಿಂಗ್, ಮರುವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಡ್ರೈವರ್ ಸೀಟಿನ ಮುಂದಿನ ತಗಡನ್ನೇ ತಿಂದುಹಾಕಿತ್ತು.

ಕಾರು ಅಪ್ಪನದು, 1984ರ ಮಾಡೆಲ್. ನಮ್ಮದು ಕುಂದಾಪುರದ ಕಡೆ. ಒಂದು ಕಡೆ ಸಮುದ್ರದ ಉಪ್ಪುಗಾಳಿ, ಇನ್ನೊಂದು ಕಡೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಸುರಿಯುವ ಮಳೆ. ಈಗಿನ ಎಷ್ಟೋ ಕಾರುಗಳಲ್ಲಿರುವ ಹಾಗೆ ಸತು ಲೇಪಿಸಿದ ತಗಡು ಆ ಕಾಲದ ಪದ್ಮಿನಿಗೆ ಇರಲಿಲ್ಲ. ತುಕ್ಕು ಬರುವುದು ಸಹಜ. ಕಾರಿನ ಅಡಿಗೆ ಬಗ್ಗಿ ನೋಡಿದಾಗ ಕಂಡದ್ದು ಕಂದು ಬಣ್ಣದ ತೆಳು ಪುಡಿ, ಅಷ್ಟೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು, ಅಂದರೆ ತಗಡು ಗಟ್ಟಿಯಾಗಿಯೇ ಇತ್ತು. ಆ ಹಂತದಲ್ಲಿ ಸರಿಯಾಗಿ ಕೆಲಸ ಮಾಡಿದ್ದರೆ ಅದೇ ಫ್ಲೋರ್ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಗ್ಯಾರೇಜಿನ ಮೇಸ್ತ್ರಿ ನೋಡಿ, "ಇದು ಬರೀ ಮೇಲಿನ ತುಕ್ಕು ಮಾರಾಯ್ರೆ, ಉಜ್ಜಿ ಕನ್ವರ್ಟರ್ ಹಾಕಿ ಕೋಟಿಂಗ್ ಮಾಡಿ ಕೊಡ್ತೇವೆ" ಅಂದರು. ಕನ್ವರ್ಟರ್ ಅಂದರೆ ತುಕ್ಕನ್ನು ಬೇರೆ ಪದರವಾಗಿ ಬದಲಿಸುವ ದ್ರಾವಣ. ಕೇಳಲಿಕ್ಕೆ ಸರಿಯಾದ ಮಾತೇ. ಕಾರು ವಾಪಸ್ ಬಂದಾಗ ಅಡಿಭಾಗ ಕರ್ರಗೆ, ಒಂದೇ ಸಮ, ಹೊಸದರ ಹಾಗೆ ಹೊಳೆಯುತ್ತಿತ್ತು.

ಮುಂದಿನ ವರ್ಷ ಬ್ರೇಕ್ ಒತ್ತುವಾಗ ಹಿಮ್ಮಡಿಯ ಕೆಳಗೆ ಫ್ಲೋರ್ ಮೆತ್ತಗಾದ ಹಾಗೆ ಅನಿಸಿತು. ಬೇರೊಬ್ಬ ಟಿಂಕರ್ ಹತ್ತಿರ ಹೋಗಿ ಕಾರನ್ನು ಮೇಲೆತ್ತಿಸಿದೆವು. ಅವರು ಕೋಟಿಂಗಿನ ಅಂಚಿಗೆ ಉಳಿ ಹಾಕಿ ಎಳೆದರು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದಕ್ಕೆ ಸುಲಿದು ಬಂತು. ಅದರ ಒಳಮೈಗೆ ತುಕ್ಕಿನ ಹಕ್ಕಳೆಗಳು ಅಂಟಿಕೊಂಡಿದ್ದವು. ಹಿಂದೆಯೇ ಕಂದು ನೀರು ಸುರಿಯಿತು. ಉಳಿಯ ತುದಿ ಇಟ್ಟು ಸ್ವಲ್ಪ ಒತ್ತಿದ್ದಕ್ಕೆ ತಗಡು ತೂತಾಗಿ ಕಾರಿನ ಒಳಗಿನ ಬೆಳಕು ಕಂಡಿತು.

ಏನೇನು ತಪ್ಪಾಗಿತ್ತು ಅಂತ ಆ ಟಿಂಕರ್ ಒಂದೊಂದಾಗಿ ತೋರಿಸಿದರು. ಎಲ್ಲಕ್ಕಿಂತ ದೊಡ್ಡದು, ಕೆಲಸ ಆಗಿದ್ದದ್ದು ಕೆಳಗಿನಿಂದ ಮಾತ್ರ. ಒಳಗಡೆ ಮ್ಯಾಟಿನ ಕೆಳಗೆ ಸೆಣಬಿನ ಫೆಲ್ಟ್ ಇರುತ್ತದೆ, ಅದರ ಕೆಳಗೆ ಸದ್ದು ತಡೆಯಲು ಅಂಟಿಸಿದ ಬಿಟುಮಿನ್ ಶೀಟ್. ಇವೆರಡನ್ನೂ ಯಾರೂ ಮುಟ್ಟಿರಲಿಲ್ಲ. ಮುಂದಿನ ಗಾಜಿನ ಹಳೇ ರಬ್ಬರ್ ಬೀಡಿಂಗಿನಿಂದ ನೀರು ಇಳಿಯುತ್ತಿತ್ತು. ಫೆಲ್ಟ್ ಅದನ್ನು ಹೀರಿಕೊಂಡು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತಿತ್ತು. ಬಿಟುಮಿನ್ ಶೀಟ್ ಬಿರುಕು ಬಿಟ್ಟ ಕಡೆ ನೀರು ಅದರ ಅಡಿಗೆ ಹೋಗಿ ಕೂತಿತ್ತು.

ಇನ್ನೊಂದು ಸಂಗತಿ ನೋಡಿದಾಗ ಸಿಟ್ಟು ತಡೆಯಲಾಗಲಿಲ್ಲ. ಒಳಗೆ ಸೇರಿದ ನೀರು ಹೊರಹೋಗಲಿ ಅಂತ ಫ್ಲೋರಿನಲ್ಲಿ ತೂತುಗಳಿವೆ, ಅವಕ್ಕೆ ಬೇಕಾದಾಗ ತೆಗೆಯುವಂಥ ರಬ್ಬರ್ ಬಿರಡೆ ಹಾಕಿರುತ್ತಾರೆ. ಅವುಗಳ ಮೇಲೂ ಕೋಟಿಂಗ್ ಬಳಿದು ಪೂರ್ತಿ ಮುಚ್ಚಿಬಿಟ್ಟಿದ್ದರು. ಅಡಿಯಲ್ಲಿ ಹಾದುಹೋಗುವ ಬ್ರೇಕ್ ಪೈಪಿನ ಮೇಲೂ ಅದೇ ಕಪ್ಪು. ಆ ಪೈಪೂ ಕಬ್ಬಿಣದ್ದೇ ಅಲ್ವಾ? ಅದಕ್ಕೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುವುದೇ ಇಲ್ಲ.

ಕನ್ವರ್ಟರ್ ಬಗ್ಗೆ ಜನರಿಗೆ ಇರುವ ನಂಬಿಕೆಯೂ ಸ್ವಲ್ಪ ಅತಿಯಾಯಿತು. ಅದರಲ್ಲಿರುವುದು ಹೆಚ್ಚಾಗಿ ಫಾಸ್ಫಾರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್. ತೆಳು ತುಕ್ಕಿನ ಜೊತೆ ಸೇರಿ ಅದನ್ನು ಕಪ್ಪು ಪದರವಾಗಿ ಬದಲಿಸುತ್ತದೆ. ಆದರೆ ದಪ್ಪ ಹಕ್ಕಳೆಯ ಮೇಲೆ ಹಚ್ಚಿದರೆ ಮೇಲಿನ ಪದರ ಮಾತ್ರ ಕಪ್ಪಾಗುತ್ತದೆ, ಅಡಿಯ ತುಕ್ಕು ಹಾಗೇ ಇರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ. ಎದ್ದ ಕಡೆ ನೀರು ನುಗ್ಗುತ್ತದೆ. ಕೋಟಿಂಗ್ ದಪ್ಪ ಇದ್ದಷ್ಟೂ ಆ ನೀರು ಆರುವುದಿಲ್ಲ. ಬರೀ ತಗಡು ಗಾಳಿಗೆ ತೆರೆದಿದ್ದರೆ ಬಿಸಿಲಿಗಾದರೂ ಒಣಗುತ್ತಿತ್ತು.

ಹಾಗಾದರೆ ಏನು ಮಾಡಿಸಬೇಕು? ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಿ, ಇನ್ನೊಬ್ಬರು ಹೊರಗಿನಿಂದ ಗಾಜಿನ ಸುತ್ತ, ಬಾಗಿಲಿನ ಸುತ್ತ ಪೈಪಿನಲ್ಲಿ ನೀರು ಬಿಡಲಿ. ಸೋರಿಕೆ ನಿಲ್ಲಿಸದೆ ಮಾಡಿಸಿದ ಯಾವ ಕೆಲಸವೂ ಸುಮ್ನೆ ದುಡ್ಡು ದಂಡ. ಆಮೇಲೆ ಸೀಟು, ಮ್ಯಾಟು, ಫೆಲ್ಟ್ ಎಲ್ಲಾ ತೆಗೆಸಿ, ಬಿಟುಮಿನ್ ಶೀಟನ್ನೂ ಕೆರೆಸಿ ತೆಗೆಸಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹೊಳೆಯುವ ತಗಡು ಕಾಣುವ ತನಕ ಉಜ್ಜಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪಿನ ಹತ್ತಿರ ಗ್ರೈಂಡರ್ ಬೇಡ, ಕೈಯಿಂದಲೇ ಉಜ್ಜಲಿ. ಬ್ರಷ್ಷಿನ ತಂತಿ ಕಿತ್ತು ಹಾರುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಉಳಿದ ಗುಳಿಗಳಿಗೆ ಮಾತ್ರ ಕನ್ವರ್ಟರ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಬೇಕು, ತೊಳೆಯಬೇಕು ಅಂತಿದ್ದರೆ ತೊಳೆಯಬೇಕು.

ನಮ್ಮ ಕಡೆ ಉಜ್ಜಿದ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಹಳದಿ ತುಕ್ಕು ಕೂತಿರುತ್ತದೆ. ಆದ್ದರಿಂದ ಪ್ರೈಮರ್ ಆವತ್ತೇ ಬೀಳಬೇಕು. ಗ್ಯಾರೇಜುಗಳಲ್ಲಿ ಹೊಡೆಯುವ ಸಾದಾ ರೆಡ್ ಆಕ್ಸೈಡ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಹಾರ್ಡ್‌ನರ್ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಕೇಳಿ. ಜೋಡಣೆಗಳಿಗೆ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು), ಅದರ ಮೇಲೆ ಪೇಂಟ್. ಅಂಡರ್‌ಬಾಡಿ ಕೋಟಿಂಗ್ ಬೇಕಿದ್ದರೆ ಎಲ್ಲಕ್ಕಿಂತ ಕೊನೆಗೆ, ಅದೂ ನೀರು ಹೋಗುವ ತೂತುಗಳನ್ನು ಬಿಟ್ಟು. ಇದೆಲ್ಲಾ ಏಪ್ರಿಲ್ ಒಳಗೆ ಮುಗಿಯಲಿ, ಜೂನ್ ತೇವದಲ್ಲಿ ಬಣ್ಣ ಹಿಡಿಯುವುದಿಲ್ಲ.

ತೂತು ಬಿದ್ದಿದ್ದರೆ ಫೈಬರ್ ಅಂಟಿಸುವವರ ಹತ್ತಿರ ಹೋಗಬೇಡಿ. ಜೀಪಿನ ಹಾಗೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಫ್ಲೋರ್, ರನ್ನಿಂಗ್ ಬೋರ್ಡ್ (ಬಾಗಿಲಿನ ಕೆಳಗಿನ ಉದ್ದ ಪಟ್ಟಿ) ಎಲ್ಲಾ ಸೇರಿಯೇ ಬಾಡಿಯ ಭಾರ ಹೊರುತ್ತವೆ. ಅಂಬಾಸಿಡರ್ ಕೂಡ ಹಾಗೆಯೇ. ನಮ್ಮ ಕಾರಿನಲ್ಲಿ ಕೊಳೆತ ಭಾಗ ಕತ್ತರಿಸಿ ತೆಗೆದು 18 ಗೇಜಿನ ತಗಡು ಕೂರಿಸಿ ಸಿಓಟು ವೆಲ್ಡಿಂಗ್ (ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವುದು) ಮಾಡಿಸಿದೆವು. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ಅಷ್ಟು ತೆಳು ತಗಡು ಸೊಟ್ಟ ಆಗುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿಸಿ, ಪೆಟ್ರೋಲ್ ಪೈಪನ್ನು ಪಕ್ಕಕ್ಕೆ ಸರಿಸಿ. ಕೋಟಿಂಗಿಗೆ ಕೊಟ್ಟದ್ದರ ಹಲವು ಪಟ್ಟು ಖರ್ಚಾಯಿತು. ಮೊದಲಿನ ಗ್ಯಾರೇಜಿಗೆ ಹೋಗಿ ಕೇಳಿದ್ದಕ್ಕೆ ಬಿಲ್ ತೋರಿಸಿ ಅಂದರು. ಬಿಲ್ಲಿನಲ್ಲಿ ಇದ್ದದ್ದು "ಅಂಡರ್‌ಬಾಡಿ ಕೆಲಸ" ಅನ್ನುವ ಒಂದೇ ಸಾಲು. ಉಜ್ಜುವುದು, ಪ್ರೈಮರ್, ಸೀಲರ್ ಎಲ್ಲವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ತಗಡು ಬೆತ್ತಲೆ ಇದ್ದಾಗ ಫೋಟೋ ಕಳಿಸಲು ಹೇಳಿ, ಆಗದಿದ್ದರೆ ಹೋಗಿ ನೋಡಿ. ನೋಡಲಿಕ್ಕೆ ಬಿಡುವುದಿಲ್ಲ ಅನ್ನುವವರಿಗೆ ಕಾರು ಕೊಡಬೇಡಿ.

ಹಳೇ ಕಾರು ಕೊಳ್ಳಲು ಹೊರಟವರೂ ಇದನ್ನು ಗಮನಿಸಿ. ಮಾರಾಟಕ್ಕಿಟ್ಟ ಕಾರಿನ ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಒಳಗಿನ ಮ್ಯಾಟ್, ಫೆಲ್ಟ್ ಎರಡನ್ನೂ ಎತ್ತದೆ ಮಾತು ಮುಗಿಸಬೇಡಿ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಜಾಕ್ ಕೊಡುವ ಜಾಗ, ರನ್ನಿಂಗ್ ಬೋರ್ಡ್, ಪೆಡಲ್ ಕೆಳಗಿನ ಮೂಲೆ, ಇಷ್ಟು ಕಡೆ ಇಟ್ಟು ನೋಡಿ. ಹಿಡಿಯದ ಕಡೆ ಪುಟ್ಟಿಯೋ ಫೈಬರೋ ಇದೆ ಅಂತಲೇ ಲೆಕ್ಕ. ಆ ರಿಪೇರಿಯ ಖರ್ಚನ್ನು ಸೇರಿಸಿಕೊಂಡೇ ರೇಟು ಮಾತಾಡಿ.