ಕೇಳುವ ಮೊದಲೇ ಉತ್ತರ: ಡೆಬಿಯನ್‌ನ ಡೆಬ್‌ಕಾನ್ಫ್ ಬಳಸಿ ನೋಡಿದಾಗ

ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಸರ್ವರಿನಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಲು ಹೊರಟರೆ, ಕೆಲಸ ನಡುವೆಯೇ ನಿಂತು ಪ್ರಶ್ನೆಯ ಪರದೆಯೊಂದು ಮೂಡಿ, ಈ ಯಂತ್ರ ಮೇಲ್ ವ್ಯವಹಾರವನ್ನು ಯಾವ ರೀತಿಯಲ್ಲಿ ನಡೆಸಬೇಕೆಂದು ಕೇಳುತ್ತದೆ. ಯಂತ್ರ ಒಂದೇ ಆದರೆ ಉತ್ತರಿಸಿ ಮುಂದುವರಿಯಬಹುದು. ಕಾಲೇಜಿನ ಲ್ಯಾಬಿನ ಅಷ್ಟೂ ಯಂತ್ರಗಳಿಗೆ ರಾತ್ರಿ ಸ್ಕ್ರಿಪ್ಟ್ ಓಡಿಸಿ ಹೋದರೆ, ಆ ಪ್ರಶ್ನೆಯ ಮುಂದೆ ಕೂರಲು ಯಾರೂ ಇರುವುದಿಲ್ಲ. ಈ ಪ್ರಶ್ನೋತ್ತರ ನಡೆಸುವ ವ್ಯವಸ್ಥೆಯೇ ಡೆಬ್‌ಕಾನ್ಫ್. ಉತ್ತರಗಳನ್ನು ಮುಂಚಿತವಾಗಿ ಅದರ ಡೇಟಾಬೇಸಿಗೆ ತುಂಬುವ ಕಮಾಂಡ್ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್. ನಿತ್ಯದ ಬಳಕೆಯಲ್ಲಿ ನಾನು ಕಂಡಂತೆ ಇದು ನೆಚ್ಚಬಹುದಾದ ಸಾಧನ, ಆದರೆ ನಾವು ಮಾಡಿದ ತಪ್ಪನ್ನು ತೋರಿಸಿಕೊಡುವುದರಲ್ಲಿ ಬಹಳ ಹಿಂದೆ.

ಪ್ರತಿ ಸಾಲಿಗೆ ನಾಲ್ಕು ಭಾಗಗಳು: ಪ್ಯಾಕೇಜಿನ ಹೆಸರು, ಪ್ರಶ್ನೆಯ ಹೆಸರು, ಪ್ರಶ್ನೆಯ ಬಗೆ, ಉತ್ತರ. ಇಂತಹ ಸಾಲುಗಳ ಕಡತವನ್ನು ಕಮಾಂಡಿಗೆ ಕೊಟ್ಟರೆ ಸಾಕು, ಪ್ಯಾಕೇಜು ಇನ್ನೂ ಇನ್‌ಸ್ಟಾಲ್ ಆಗಿರಬೇಕೆಂದೂ ಇಲ್ಲ. ಪ್ರಶ್ನೆಗಳ ಹೆಸರನ್ನು ಊಹಿಸುವ ಬದಲು ಒಂದು ಯಂತ್ರದಲ್ಲಿ ಕೈಯಾರೆ ಇನ್‌ಸ್ಟಾಲ್ ಮಾಡಿ, ಡೆಬ್‌ಕಾನ್ಫ್-ಯುಟಿಲ್ಸ್ ಪ್ಯಾಕೇಜಿನಲ್ಲಿರುವ ಡೆಬ್‌ಕಾನ್ಫ್-ಗೆಟ್-ಸೆಲೆಕ್ಷನ್ಸ್ ಮೂಲಕ ಅಲ್ಲಿನ ಉತ್ತರಗಳನ್ನು ಹೊರತೆಗೆದು ಬೇಕಾದಷ್ಟನ್ನು ಇಟ್ಟುಕೊಳ್ಳುವುದೇ ಸರಿಯಾದ ದಾರಿ.

ಇಷ್ಟೆಲ್ಲ ಏಕೆ, ಡೆಬಿಯನ್-ಫ್ರಂಟೆಂಡ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ ನಾನ್‌ಇಂಟರ್‌ಆ್ಯಕ್ಟಿವ್ ಎಂದು ಕೊಟ್ಟರೆ ಪ್ರಶ್ನೆಗಳೇ ಬರುವುದಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ಬರುವುದಿಲ್ಲ, ನಿಜ. ಆದರೆ ಉತ್ತರ ತುಂಬಿರದ ಕಡೆಯಲ್ಲೆಲ್ಲ ಪ್ಯಾಕೇಜು ತಯಾರಿಸಿದವರ ಡೀಫಾಲ್ಟ್ ಉತ್ತರ ಸದ್ದಿಲ್ಲದೆ ಜಾರಿಯಾಗುತ್ತದೆ. ಡೆಬಿಯನ್ 12ರ ಪೋಸ್ಟ್‌ಫಿಕ್ಸಿನಲ್ಲಿ ಆ ಡೀಫಾಲ್ಟ್ 'ಇಂಟರ್ನೆಟ್ ಸೈಟ್'. ನಿಗದಿತ ಸಮಯಕ್ಕೆ ತಾನಾಗಿಯೇ ನಡೆಯುವ ಕ್ರಾನ್ ಕೆಲಸಗಳ ವರದಿಯನ್ನು ತನ್ನೊಳಗೇ ತಲುಪಿಸಿಕೊಳ್ಳಬೇಕಾಗಿದ್ದ ಲ್ಯಾಬಿನ ಯಂತ್ರಕ್ಕೆ ಬೇಕಾಗಿದ್ದದ್ದು 'ಲೋಕಲ್ ಓನ್ಲಿ'. ಮೊದಲನೆಯದು ಮೇಲ್ ಬರುವ 25ನೇ ಪೋರ್ಟನ್ನು ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳಲ್ಲೂ ತೆರೆದಿಡುತ್ತದೆ, ಎರಡನೆಯದು ಲೂಪ್‌ಬ್ಯಾಕಿಗೆ, ಅಂದರೆ ಯಂತ್ರದೊಳಗಿನ ಸಂಪರ್ಕಕ್ಕೆ, ಸೀಮಿತವಾಗಿರುತ್ತದೆ. ಆದ್ದರಿಂದ ನಾನ್‌ಇಂಟರ್‌ಆ್ಯಕ್ಟಿವ್ ಮತ್ತು ಮುಂಗಡ ಉತ್ತರ ಎರಡೂ ಒಟ್ಟಿಗೇ ಇರಬೇಕು. ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಆಪ್ಟ್-ಗೆಟ್ ಕಮಾಂಡಿಗೆ ಕೊಡುವ 'ವೈ' ಆಯ್ಕೆ ಆಪ್ಟ್‌ನ ಸ್ವಂತ ಪ್ರಶ್ನೆಗಳಿಗೆ ಮಾತ್ರ ಹೂಂಗುಟ್ಟುತ್ತದೆ, ಡೆಬ್‌ಕಾನ್ಫ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಇರುವುದು ತಪಾಸಣೆಯ ವಿಷಯದಲ್ಲಿ. ಪ್ರಶ್ನೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಈ ಕಮಾಂಡ್ ಏನೂ ಹೇಳದೆ ಆ ಹೆಸರಿನ ಹೊಸ ಪ್ರಶ್ನೆಯನ್ನೇ ಡೇಟಾಬೇಸಿನಲ್ಲಿ ಸೃಷ್ಟಿಸಿಬಿಡುತ್ತದೆ. ನಿಜವಾದ ಪ್ರಶ್ನೆ ಉತ್ತರವಿಲ್ಲದೆ ಉಳಿದು, ಮತ್ತೆ ಡೀಫಾಲ್ಟಿಗೇ ಹೋಗುತ್ತದೆ. ಇದರ ಚೆಕ್‌ಓನ್ಲಿ ಆಯ್ಕೆ ಪರೀಕ್ಷಿಸುವುದು ಸಾಲಿನ ರೂಪವನ್ನು ಮಾತ್ರ. ಬಗೆ ಮತ್ತು ಉತ್ತರದ ನಡುವೆ ಒಂದೇ ಸ್ಪೇಸ್ ಇರಬೇಕು, ಅಂದಕ್ಕೆಂದು ಎರಡನೆಯದನ್ನು ಹಾಕಿದರೆ ಅದು ಉತ್ತರದ ಭಾಗವಾಗಬಹುದು. ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲೂ ಲಭ್ಯವಿದ್ದು, ಅದಕ್ಕೂ ಪ್ರಿಸೀಡ್ ಎಂಬ ಇಂತಹದೇ ಮುಂಗಡ ಉತ್ತರಗಳ ಕಡತ ಕೊಡಬಹುದು. ಪರದೆಯ ಮೇಲೆ ಆಯ್ಕೆಗಳು ಯಾವ ಭಾಷೆಯಲ್ಲಿ ಕಂಡರೂ ಕಡತದಲ್ಲಿ ಮಾತ್ರ ಮೂಲ ಇಂಗ್ಲಿಷ್ ಆಯ್ಕೆಯನ್ನೇ ಬರೆಯಬೇಕು.

ಟೈಮ್‌ಜೋನ್ ನೋಡಿಕೊಳ್ಳುವ ಟಿಜೆಡ್‌ಡೇಟಾ ಪ್ಯಾಕೇಜಿನದು ಇನ್ನೊಂದು ರಗಳೆ. ಏಷ್ಯಾ, ಕೋಲ್ಕತ್ತಾ ಎಂದು ಮುಂಚೆಯೇ ತುಂಬಿಟ್ಟರೂ, ಯಂತ್ರದಲ್ಲಿ ಹಿಂದಿನ ಟೈಮ್‌ಜೋನ್ ಕಡತವಿದ್ದರೆ ಪ್ಯಾಕೇಜು ಅದನ್ನೇ ಓದಿ ನಮ್ಮ ಉತ್ತರವನ್ನು ಅಳಿಸಿಹಾಕಬಹುದು. ಇದನ್ನು ದೋಷವೆನ್ನುವುದು ಕಷ್ಟ, ಏಕೆಂದರೆ ಡೆಬ್‌ಕಾನ್ಫ್ ಸೆಟ್ಟಿಂಗುಗಳ ಶಾಶ್ವತ ದಾಖಲೆಯಲ್ಲ, ಅಡ್ಮಿನ್ ಕಡತದಲ್ಲಿ ಬರೆದದ್ದೇ ಕೊನೆಯ ಮಾತು ಎಂಬುದು ಡೆಬಿಯನ್ನಿನ ನಿಲುವು. ಆದರೂ ಹೊಸಬರಿಗೆ ಇದು ತಲೆನೋವೇ.

ಪಾಸ್‌ವರ್ಡ್‌ಗಳನ್ನು ಡೆಬ್‌ಕಾನ್ಫ್, ಯಂತ್ರದ ಪೂರ್ಣ ಅಧಿಕಾರವಿರುವ ರೂಟ್ ಖಾತೆ ಮಾತ್ರ ಓದಬಲ್ಲ ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ನಾವು ತಯಾರಿಸಿದ ಉತ್ತರಗಳ ಕಡತ ಗಿಟ್ ಭಂಡಾರದಲ್ಲಿ ಎಲ್ಲರಿಗೂ ಕಾಣುವಂತಿದ್ದರೆ ಆ ಜಾಗರೂಕತೆ ವ್ಯರ್ಥ.

ಒಂದೆರಡು ಯಂತ್ರ ನೋಡಿಕೊಳ್ಳುವವರಿಗೆ ಇದರ ಅಗತ್ಯವಿಲ್ಲ. ಸರ್ವರುಗಳ ಸಾಲನ್ನೋ ಡಾಕರ್ ಇಮೇಜುಗಳನ್ನೋ ಪದೇ ಪದೇ ಕಟ್ಟುವವರು ಕಲಿಯಲೇಬೇಕು. ಅವರು ಇನ್ನೊಂದನ್ನೂ ಗಮನಿಸಲಿ: ಅಪ್‌ಗ್ರೇಡ್ ವೇಳೆ ಬದಲಾದ ಸೆಟ್ಟಿಂಗ್ ಕಡತವನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುವುದು ಸಾಮಾನ್ಯವಾಗಿ ಡೆಬ್‌ಕಾನ್ಫ್ ಅಲ್ಲ, ಪ್ಯಾಕೇಜುಗಳನ್ನು ಬಿಚ್ಚಿ ಕೂರಿಸುವ ಡಿಪಿಕೆಜಿ. ಅದಕ್ಕೆ ಫೋರ್ಸ್-ಕಾನ್ಫ್‌ಡೆಫ್, ಫೋರ್ಸ್-ಕಾನ್ಫ್‌ಓಲ್ಡ್ ಆಯ್ಕೆಗಳನ್ನು ಬೇರೆಯಾಗಿಯೇ ಕೊಡದಿದ್ದರೆ, ಉತ್ತರಗಳೆಲ್ಲ ಸರಿಯಾಗಿದ್ದರೂ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲುತ್ತದೆ.